ಹಲ್ಲಿಯ ಮನೆಗೊಂದು ಜೀನ್ಸ್ ಅಂಗಿ

1 ಏಪ್ರಿಲ್, ಮಂಗಳವಾರ

ಸಮಸ್ತ ಭೂಮಂಡಲಕ್ಕೆ, ಅದರೊಳಗಿನ ಆಂಧ್ರಪ್ರದೇಶಕ್ಕೆ, ಅದರೊಳಗಿನ ರಾಯದುರ್ಗಕ್ಕೆ, ಅದರೊಳಗಿನ ನಮ್ಮ ಓಣಿಗೆ ಈ ಮೂಲಕ ಘೋಷಿಸುವುದೇನೆಂದರೆ: ಲೇಡೀಸ್ ಟೈಲರ್ ರಾಮಾಂಜಿನೇಯನ ಮನೆಗೆ ಇಂದು ಮಧ್ಯಾಹ್ನ ಒಂದು ಹಲ್ಲಿ ಆಗಮಿಸಿದೆ. ಕಾರಿನಲ್ಲಿ ಆಗಮಿಸಿದೆ. ಗಾಜಿನ ಮನೆಯಲ್ಲಿ ಕೂತು, ಕೆಳಗೆ ಒದ್ದೆ ಪಾಚಿ ಹಾಸಿಕೊಂಡು, ಪಾವಗಡ, ಕಲ್ಯಾಣದುರ್ಗ ಎಲ್ಲ ನೋಡಿಕೊಂಡು ಬಂದಿದೆ. ನನ್ನ ಮದುವೆಗೆ ನನ್ನ ಮಾವನವರೇ ಬಂದದ್ದು ಶೇಂಗಾ ಲಾರಿಯಲ್ಲಿ.

ಹಲ್ಲಿಗೆ ನಮ್ಮ ಮನೆಯಲ್ಲಿ ಬರಗಾಲ ಇತ್ತು ಅಂತಲ್ಲ. ಟ್ಯೂಬ್‌ಲೈಟಿನ ಹಿಂದೆ ಒಂದು ಸಂಸಾರವಿದೆ. ದೇವರ ಫೋಟೋದ ಹಿಂದೆ ಇನ್ನೊಂದು. ಅಂಗಡಿ ಶಟರಿನ ಮೇಲೆ ಇವರಿಬ್ಬರ ಬೀಗರು. ಅವು ಯಾವೂ ಇವತ್ತಿನವರೆಗೆ ನನ್ನನ್ನು ಊಟ ಕೇಳಿಲ್ಲ, ಹಾಸಿಗೆ ಕೇಳಿಲ್ಲ. ಈ ಹೊಸ ದೊರೆಸಾನಿಗೆ ಎಲ್ಲವೂ ಬೇಕು.

ತಂದವಳು ನನ್ನ ತಂಗಿ ದೇವಿಕಾ. ಮಡಕಶಿರದ ಜೂನಿಯರ್ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುತ್ತಾಳೆ. ಇಪ್ಪತ್ತು ವರ್ಷದ ಹಿಂದೆ ನಾನು ಹುಡುಕಿದ ಗಂಡನ್ನು ಬೇಡ ಅಂದು, ಕಪ್ಪೆ ಕೊಯ್ಯುವ ನೌಕರಿಗಾಗಿ ಆ ಊರಿಗೆ ಹೋದವಳು. ಅವತ್ತಿನಿಂದ ನಾನು ಮಡಕಶಿರದ ಮಣ್ಣು ತುಳಿದಿಲ್ಲ, ತುಳಿಯುವುದೂ ಇಲ್ಲ. ಈಗಂತೂ ಆ ಊರನ್ನು ನಮ್ಮ ಜಿಲ್ಲೆಯಿಂದಲೇ ತೆಗೆದು ಬೇರೆ ಜಿಲ್ಲೆಗೆ ಹಾಕಿದ್ದಾರೆ. ಸರ್ಕಾರವೇ ನನ್ನ ಪರವಾಗಿ ತೀರ್ಪು ಕೊಟ್ಟ ಹಾಗಾಯಿತು.

ಅವಳ ಬ್ಲೌಸು ಮಾತ್ರ ನಾನೇ ಹೊಲಿಯುವುದು. ಒಂದು ಹಳೇ ಅಳತೆ ಬ್ಲೌಸು ಬಸ್ಸಿನಲ್ಲಿ ಬರುತ್ತದೆ, ಹೊಸದರ ಜೊತೆ ಬಸ್ಸಿನಲ್ಲೇ ಹೋಗುತ್ತದೆ. ಇಪ್ಪತ್ತು ವರ್ಷವೂ ಅದೇ ಅಳತೆ. ಅಣ್ಣತಂಗಿ ನಾವು ಆಡಿದ್ದಕ್ಕಿಂತ ಹೆಚ್ಚು ಮಾತನ್ನು ನಮ್ಮ ಪರವಾಗಿ ಕಂಡಕ್ಟರುಗಳು ಆಡಿದ್ದಾರೆ.

"ಇದರ ಹೆಸರು ರತ್ನಿ, ಅಣ್ಣಾ," ಎಂದಳು. ತಲೆಯ ಮೇಲಿನ ಮುಳ್ಳಿನ ಸಾಲು ಅವರ ಮಡಕಶಿರದ ಹತ್ತಿರದ ರತ್ನಗಿರಿ ಕೋಟೆಯ ತೆನೆಯ ಹಾಗಿದೆಯಂತೆ, ಅದಕ್ಕೇ ಆ ಹೆಸರು. ನ್ಯೂ ಕೆಲಡೋನಿಯಾ ಎಂಬ ಸಮುದ್ರದ ನಡುವಿನ ದ್ವೀಪದ ಜಾತಿ. ಬೆಂಗಳೂರಿನಲ್ಲಿ ಯಾರೋ ಸಾಕಿ ಮರಿ ಮಾಡಿಸಿದ್ದು. ಅರಣ್ಯ ಇಲಾಖೆಯ ಕಾಗದ ಪತ್ರ ಎಲ್ಲ ಇದೆ. ನಾನಿರುವ ಮನೆಗೇ ಅಷ್ಟು ಕಾಗದ ಇಲ್ಲ.

"ಈ ಜಾತಿ ಪೂರ್ತಿ ಸತ್ತುಹೋಗೈತಿ ಅಂತ ಪುಸ್ತಕದಾಗ ಬರದುಬಿಟ್ಟಿದ್ರಣ್ಣ. ಆಮ್ಯಾಲೆ ಒಂದಿನ ದೊಡ್ಡ ಬಿರುಗಾಳಿ ಎದ್ದು ಹೋದ್ಮ್ಯಾಲೆ ನೋಡಿದ್ರೆ, ಗಿಡದಾಗೆ ಕುಂತೈತೆ!"

ಅರ್ಧ ರಾಯದುರ್ಗ, ಅರ್ಧ ಮಡಕಶಿರ. ಅವಳ ಮಾತಿಗೂ ಎರಡು ಜಿಲ್ಲೆ ಆಗಿದೆ.

"ಸತ್ತೈತಿ ಅಂತ ದೊಡ್ಡೋರು ಬರದ ಮ್ಯಾಲೆ ಸುಮ್ನ ಸಾಯಬೇಕಪ್ಪ. ಅದು ಮರ್ಯಾದಿ," ಎಂದೆ.

ಅವಳು ನಗಲಿಲ್ಲ. ಗಾಜಿನ ಮೇಲೆ ಬೆರಳಿಟ್ಟುಕೊಂಡೇ ಹೇಳಿದಳು. "ನನಗ ಎಡಗಡೆ ಎದಿಯಾಗ ಗಡ್ಡಿ ಆಗೈತಣ್ಣ. ಕೆಟ್ಟದ್ದೇ. ಹದಿನೈದಕ್ಕ ಬೆಂಗಳೂರಾಗ ಆಪರೇಷನ್. ಶಿರಿಷಾ ನನ್ನ ಜೋಡಿ ಇರ್ತಾಳ." ಶಿರಿಷಾ ಅಂದರೆ ಅವಳ ಕಾಲೇಜಿನಲ್ಲೇ ಪಾಠ ಹೇಳುವ ಹುಡುಗಿ. ಅವಳು ಬಾಗಿಲಲ್ಲಿ ನಿಂತು ಶಟರಿನ ಹಲ್ಲಿಗಳನ್ನೇ ನೋಡುತ್ತಿದ್ದಳು. "ನಿನ್ನ ಹತ್ರ ನಾ ಒಂದೇ ಕೇಳೋದು. ನಾ ಬರೋತನಕ ಇದನ್ನ ಬದುಕಿಸಿಡು."

ಐವತ್ತೆಂಟು ವರ್ಷದ ಮನುಷ್ಯ ನಾನು. ನನ್ನ ಬಾಯಿಗೆ ಬಂದ ಮಾತು, "ಏನು ತಿಂತದ?"

3 ಏಪ್ರಿಲ್, ಗುರುವಾರ

ಏನು ತಿನ್ನುತ್ತದೆ ಎಂದರೆ, ನಾನು ತಿನ್ನದ್ದನ್ನೆಲ್ಲ ತಿನ್ನುತ್ತದೆ. ಬಾಳೆಹಣ್ಣು ಹಿಸುಕಿ ಕೊಡಬೇಕು. ಡಬ್ಬಿಯಲ್ಲಿ ಒಂದು ಪುಡಿ ಬಂದಿದೆ, ಅದನ್ನು ಇಡ್ಲಿ ಹಿಟ್ಟಿನ ಹದಕ್ಕೆ ಕಲಸಬೇಕು. ಲೋಟದಲ್ಲಿ ನೀರಿಟ್ಟರೆ ಕುಡಿಯುವುದಿಲ್ಲ. ಗಾಜಿಗೆ ದಿನಕ್ಕೆ ಎರಡು ಸಲ ನೀರು ಚಿಮುಕಿಸಬೇಕು, ಅಮ್ಮಾವರು ಹನಿ ಹನಿ ನೆಕ್ಕಿ ಕುಡಿಯುತ್ತಾರೆ. ಇಸ್ತ್ರಿಗೆ ಅಂತ ಎರಡು ಸ್ಪ್ರೇ ಬಾಟ್ಲಿ ಇಟ್ಟುಕೊಂಡಿದ್ದೆ. ಹಸಿರಿನಲ್ಲಿ ಬರೀ ನೀರು, ನೀಲಿಯಲ್ಲಿ ಕಾಟನ್ ಬ್ಲೌಸಿಗೆ ಹೊಡೆಯುವ ಗಂಜಿ ನೀರು. ಹಸಿರನ್ನು ಅದಕ್ಕೆ ದಾನ ಮಾಡಿದೆ.

ಕಣ್ಣಿಗೆ ರೆಪ್ಪೆಯೇ ಇಲ್ಲ. ಆದರೆ ರೆಪ್ಪೆಗೂದಲಿನ ಹಾಗೆ ಮುಳ್ಳಿನ ಸಾಲು ಮಾತ್ರ ಇದೆ. ಬಟ್ಟೆಯೇ ಇಲ್ಲದ ಬ್ಲೌಸಿಗೆ ಲೇಸು ಹಚ್ಚಿದ ಹಾಗೆ. ಧೂಳು ಬಿದ್ದರೆ ನಾಲಿಗೆ ಚಾಚಿ ತನ್ನ ಕಣ್ಣನ್ನು ತಾನೇ ಒರೆಸಿಕೊಳ್ಳುತ್ತದೆ. ಹಗಲೆಲ್ಲ ಎಲೆಯ ಹಿಂದೆ ನಿದ್ದೆ. ಬಣ್ಣ, ಒಲೆಯ ಮೇಲೆ ಮರೆತುಬಿಟ್ಟ ಹಾಲಿನದು. ಇದನ್ನು ನೋಡಲು ಜನ ಬೇರೆ ದೇಶಕ್ಕೆ ಹೋಗುತ್ತಾರಂತೆ. ಟಿಕೆಟ್ ತೆಗೆಸಿಕೊಂಡು!

ಇಪ್ಪತ್ತೆಂಟು ಡಿಗ್ರಿ ದಾಟಿದರೆ ಇದಕ್ಕೆ ತಡೆಯುವುದಿಲ್ಲ, ಎರಡು ದಿನ ಹಾಗೇ ಬಿಟ್ಟರೆ ಸಾಯುತ್ತದೆ ಅಂತ ಶಿರಿಷಾ ಎರಡು ಸಲ ಹೇಳಿ ಹೋಗಿದ್ದಾಳೆ. ರಾಯದುರ್ಗದಲ್ಲಿ ಈ ತಿಂಗಳು ಬೆಳಗಿನ ಕಾಫಿಗೆ ಮುಂಚೆಯೇ ಇಪ್ಪತ್ತೆಂಟು ದಾಟುತ್ತದೆ. ನಾವು ಬದುಕಿಲ್ಲವೇ?

ಈ ವಾರದಲ್ಲಿ ಮೂರನೇ ಸಲ ಬದನೆಕಾಯಿ ಪಲ್ಯ. ಬಾಯಿಬಿಟ್ಟು ಹೇಳುವ ಧೈರ್ಯ ನನಗಿಲ್ಲ, ಇಲ್ಲಿ ಬರೆದಿದ್ದೇನೆ.

4 ಏಪ್ರಿಲ್, ಶುಕ್ರವಾರ

ಇವತ್ತು ಹೀರೇಕಾಯಿ. ಕಾಕತಾಳೀಯ ಇರಬೇಕು. ಆದರೂ ಡೈರಿಯನ್ನು ಇಸ್ತ್ರಿ ಬಟ್ಟೆಯ ಕೆಳಗಿನಿಂದ ತೆಗೆದು ಹುಕ್ಕಿನ ಡಬ್ಬಿಯ ಹಿಂದೆ ಇಟ್ಟಿದ್ದೇನೆ.

6 ಏಪ್ರಿಲ್, ಭಾನುವಾರ

ಎದುರುಮನೆ ಪೆದ್ದಪ್ಪನವರು ದರ್ಶನಕ್ಕೆ ಬಂದರು. ಭೈರವಾನಿತಿಪ್ಪ ಡ್ಯಾಮಿನ ಹತ್ತಿರ ವಾಚ್‌ಮನ್ ಆಗಿದ್ದು ರಿಟೈರಾದವರು. ಅಷ್ಟು ವರ್ಷ ನೀರು ಕಾಯ್ದದ್ದಕ್ಕೋ ಏನೋ, ಈಗ ಓಣಿಯಲ್ಲಿ ಯಾರ ಮನೆಗೆ ಏನು ಬಂದರೂ ಹೋದರೂ ಇವರ ಕಣ್ಣು ತಪ್ಪುವುದಿಲ್ಲ. ಕಂಕುಳಲ್ಲಿ ಯುಗಾದಿಯ ಹೊಸ ಪಂಚಾಂಗ.

"ಮಾಸ್ಟ್ರೇ, ಒಂದು ಡೌಟ್ರೀ. ಈ ಹಲ್ಲಿ ಮೈಮ್ಯಾಲೆ ಬಿದ್ರ ಯಾವ ಫಲ ನೋಡ್ಬೇಕು? ನಮ್ಮ ಪಂಚಾಂಗದ್ದಾ, ಅವರ ದೇಶದ್ದಾ?"

"ಅದು ಪೆಟ್ಟಿಗಿಯಾಗ ಐತ್ರಿ. ಅಲ್ಲಿಂದ ಬಂದು ನಿಮ್ಮ ಮ್ಯಾಲೇ ಬೀಳಾಕ ಅದಕ್ಕೇನು ಬ್ಯಾರೆ ಕೆಲಸ ಇಲ್ಲೇನು?"

"ಹಂಗಲ್ರೀ, ತಿಳಕೊಂಡಿದ್ರ ಒಳ್ಳೇದು." ಕನ್ನಡಕ ಏರಿಸಿ ಓದಿದರು. "ತಲಿ, ಮರಣಭಯ. ಮೂಗು, ರೋಗ. ಭುಜ, ಲಾಭ. ಹೊಟ್ಟಿ, ಧಾನ್ಯಲಾಭ. ಪಾದ, ಪ್ರಯಾಣ."

"ನಿಮ್ಮ ಹೊಟ್ಟಿ ಮ್ಯಾಲೆ ಹಲ್ಲಿ ಮಳಿ ಬಿದ್ದಂಗ ಬಿದ್ದಿರಬೇಕು ಬಿಡ್ರಿ," ಎಂದೆ.

ಒಳಗಿನಿಂದ ಬನಶಂಕರಮ್ಮ, ಅಂದರೆ ನನ್ನ ಧರ್ಮಪತ್ನಿ, ಕೆಮ್ಮಿದಳು. ಅದು ನಗುವೂ ಆಗಬಹುದು, ಬೈಗುಳವೂ ಆಗಬಹುದು. ಮೂವತ್ತು ವರ್ಷ ಆದರೂ ಈ ಕೆಮ್ಮಿನ ಅರ್ಥ ನನಗೆ ಹತ್ತಿಲ್ಲ.

10 ಏಪ್ರಿಲ್, ಗುರುವಾರ

ಪೆಟ್ಟಿಗೆಯೊಳಗಿನ ಥರ್ಮಾಮೀಟರು ಮೂವತ್ತೊಂದು ತೋರಿಸಿತು. ಹಲ್ಲಿ ಬಾಯಿ ತೆರೆದುಕೊಂಡು ಕೂತಿತ್ತು.

ಅಂಗಡಿಯ ಕೂಲರನ್ನು ಒಳಗೆ ಎಳೆದುಕೊಂಡು ಹೋಗಿ ಅದರ ಮುಂದಿಟ್ಟೆ. ಗಿರಾಕಿಗಳು ಪಂಚಾಂಗದ ಪುಟದಲ್ಲಿ ಗಾಳಿ ಹಾಕಿಕೊಂಡರು. ಆಮೇಲೆ ಕರೆಂಟೇ ಹೋಯಿತು. ಗೋಣಿಚೀಲ ಒದ್ದೆ ಮಾಡಿ ಹೊದಿಸಿದೆ, ಜಾರಿ ಜಾರಿ ಬಿತ್ತು. ಬಟ್ಟೆಯೊಂದು ನನ್ನ ಎದುರಿಗೇ ಮೈಗೆ ಕೂರದೆ ಜಾರುವುದು ಅಂದರೇನು? ಅದು ನನ್ನ ವೃತ್ತಿಗೆ ಅವಮಾನ.

ಈ ಊರಿನಲ್ಲಿ ಮನೆಮನೆಗೂ ಜೀನ್ಸ್ ಹೊಲಿಯುತ್ತಾರೆ. ನಾನೊಬ್ಬ ಇವತ್ತಿನ ತನಕ ಆ ಬಟ್ಟೆ ಮುಟ್ಟಿರಲಿಲ್ಲ. ಅದು ಹೊಲಿಗೆಯಲ್ಲ, ಡೇರೆ ಹೊಡೆಯುವ ಕೆಲಸ ಎಂದು ನಾನು ಹೇಳಿದ್ದು ಓಣಿಗೆಲ್ಲ ಗೊತ್ತು. ಇವತ್ತು ಪೆದ್ದಪ್ಪನವರ ಅಳಿಯನ ಜೀನ್ಸ್ ಯೂನಿಟ್ಟಿಗೆ ಹೋಗಿ ಕಟಿಂಗ್ ತುಂಡುಗಳನ್ನು ಬೇಡಿ ತಂದೆ. ಅಳಿಯ ಏನೂ ಅನ್ನಲಿಲ್ಲ. ಆದರೆ ಜನರೇಟರಿನ ಮೇಲೆ ಓಡುತ್ತಿದ್ದ ಅವನ ಇಪ್ಪತ್ತು ಮಷಿನ್ನೂ ಒಮ್ಮೆಲೇ ನಿಂತವು.

ಸಂಜೆಯೊಳಗೆ ಗಾಜಿನ ಪೆಟ್ಟಿಗೆಗೆ ಒಂದು ಅಂಗಿ ಹೊಲಿದೆ. ಮೂರು ಕಡೆ ಡಬಲ್ ಹೊಲಿಗೆ, ಮೇಲೆ ಗಾಳಿಯಾಡಲು ಜಾಗ, ಎದುರಿಗೆ ಜಿಪ್ಪು. ಒದ್ದೆ ಮಾಡಿ ತೊಡಿಸಿ ಗಾಳಿಗಿಟ್ಟರೆ ಮಣ್ಣಿನ ಹೂಜಿಯ ಹಾಗೆ ತಣ್ಣಗಾಗುತ್ತದೆ. ಥರ್ಮಾಮೀಟರು ಇಪ್ಪತ್ತಾರಕ್ಕೆ ಇಳಿಯಿತು. ಹಲ್ಲಿ ಬಾಯಿ ಮುಚ್ಚಿತು.

"ಪಕ್ಕಕ್ಕ ಜೇಬು ಯಾಕ್ರೀ?" ಎಂದಳು ಬನಶಂಕರಿ.

"ಜೀನ್ಸ್ ಅಂದ ಮ್ಯಾಲೆ ಜೇಬು ಬ್ಯಾಡೇನು?"

ಇದೆಲ್ಲ ಹಲ್ಲಿಯ ಮೇಲಿನ ಪ್ರೀತಿಗಲ್ಲ. ಸತ್ತುಗಿತ್ತರೆ ಮಡಕಶಿರದವರು ರಾಯದುರ್ಗದವರ ಬಗ್ಗೆ ಏನಂದಾರು!

15 ಏಪ್ರಿಲ್, ಮಂಗಳವಾರ

ಬೆಳಿಗ್ಗೆ ಎಂಟಕ್ಕೆ ದೇವಿಕಾಳನ್ನು ಒಳಗೆ ಕರೆದುಕೊಂಡು ಹೋದರಂತೆ.

ಒಂದು ಬ್ಲೌಸಿಗೆ ಎರಡೂ ಎಡತೋಳು ಕೂಡಿಸಿದೆ. ಬಿಚ್ಚಿದೆ. ಮತ್ತೆ ಎಡತೋಳೇ ಕೂಡಿಸಿದೆ.

ಹಲ್ಲಿ ಏನೂ ತಿನ್ನಲಿಲ್ಲ. ಅದಕ್ಕೆ ಯಾರು ಹೇಳಿದರೋ.

16 ಏಪ್ರಿಲ್, ಬುಧವಾರ

ಶಿರಿಷಾ ಫೋನು. "ಸಾರ್, ಮೇಡಮ್ಮು ಚೆನ್ನಾಗವ್ರೆ. ಎಡಗಡೆದು ಪೂರ್ತಿ ತೆಗ್ದವ್ರೆ. ಎಚ್ರ ಆದೇಟ್ಗೆ ಮೊದ್ಲು ಕೇಳಿದ್ದೇ, ರತ್ನಿ ಉಣ್ತಾ ಅಂತ."

ಉಂಡಿತು ಅಂತ ಸುಳ್ಳು ಹೇಳಿದೆ. ಫೋನಿಟ್ಟು ಬಂದು ನೋಡಿದರೆ ಬಾಳೆಹಣ್ಣಿನ ಬಟ್ಟಲು ಖಾಲಿ. ಒಂದು ಸುಳ್ಳು ಹೇಳಿದ ಸುಖವನ್ನೂ ಈ ಪ್ರಾಣಿ ನನಗೆ ಉಳಿಸಲಿಲ್ಲ.

22 ಏಪ್ರಿಲ್, ಮಂಗಳವಾರ

ಮದುವೆ ಸೀಸನ್ನು. ಮಷಿನ್ ಬಿಟ್ಟು ಏಳಲು ಪುರುಸೊತ್ತಿಲ್ಲ. ಅದರ ನಡುವೆ ಹಲ್ಲಿಯ ಹೊಸ ನಾಟಕ. ಗಾಜು ಹತ್ತುತ್ತದೆ, ಅರ್ಧಕ್ಕೆ ಜಾರುತ್ತದೆ, ಮತ್ತೆ ಹತ್ತುತ್ತದೆ. ಮೊದಲ ದಿನ ದೇವಿಕಾ ದೊಡ್ಡದಾಗಿ ಪಾಠ ಹೇಳಿದ್ದಳು. ಇದರ ಬೆರಳಿನ ಅಡಿ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲು ಇವೆ, ಅದರಿಂದಲೇ ಗಾಜಿಗೂ ಅಂಟಿಕೊಂಡು ನಡೆಯುತ್ತದೆ ಅಂತ. ಎಲ್ಲಿ ನಡೆಯಿತು? ಕುಂತು ತಿಂದು ಸೋಮಾರಿಯಾಗಿದೆ.

24 ಏಪ್ರಿಲ್, ಗುರುವಾರ

ಚರಿತ್ರೆಯಲ್ಲಿ ಬರೆದಿಡಬೇಕಾದ ದಿನ.

ಸಂಜೆ ಊಟದ ಬಟ್ಟಲಿಡಲು ಜಿಪ್ಪು ಎಳೆದು ಪೆಟ್ಟಿಗೆಯ ಬಾಗಿಲು ತೆರೆದಿದ್ದೆ. ಪೆದ್ದಪ್ಪನವರು ನನ್ನ ಭುಜದ ಪಕ್ಕದಿಂದ ತಮ್ಮ ಬೋಳುತಲೆಯನ್ನು ತೂರಿಸಿ, "ಎಲ್ಲೈತ್ರೀ, ಕಾಣ್ಸವಲ್ದು," ಎಂದರು. ಅದು ಮೇಲಿನ ಗಾಜಿನಲ್ಲಿತ್ತು. ಕಾಲು ಜಾರಿತು. ಗಾಬರಿಗೆ ಹಾರಿತು. ನೆಟ್ಟಗೆ ಬಂದು ಕೂತದ್ದು ಅವರ ತಲೆಯ ನಡುಮಧ್ಯೆ.

"ಅಯ್ಯಯ್ಯೋ! ಮರಣಭಯ! ಮರಣಭಯ!"

"ಅಲುಗಾಡಬ್ಯಾಡ್ರಿ!"

"ಅಲುಗಾಡದ ಸಾಯ್ಲೇನ್ರಿ!" ಎಂದು ಎರಡೂ ಕೈಯಿಂದ ತಲೆ ಹಿಡಿದುಕೊಂಡರು. ಹಲ್ಲಿ ನೆಲಕ್ಕೆ ಹಾರಿತು. ಬಾಲ ಅವರ ಕೈಯಲ್ಲಿ ಉಳಿಯಿತು. ಅಷ್ಟೂ ಸಾಲದೆಂದು ಆ ಬಾಲ ತಾನೇ ಒಂದು ಹಲ್ಲಿಯೆಂದು ತಿಳಿದು ಕುಣಿಯತೊಡಗಿತು. ಪೆದ್ದಪ್ಪನವರು ಅದನ್ನು ನನ್ನ ಕೈಗೆ ತುರುಕಿ, ಮನೆಯವರೆಗೂ ಸ್ನಾನಕ್ಕೆ ಬಿಸಿನೀರು ಎಂದು ಕೂಗುತ್ತಲೇ ಓಡಿದರು. ಬನಶಂಕರಿ ಲೈನಿಂಗ್ ಬಟ್ಟೆ ಬೀಸಿ ಹಲ್ಲಿಯನ್ನು ಹಿಡಿದು ಒಳಗೆ ಬಿಟ್ಟಳು.

"ಏನೂ ಆಗಿಲ್ಲ," ಎಂದೆ ನಾನು. "ಬಾಲ ತಾನೇ? ಟ್ಯೂಬ್‌ಲೈಟ್ ಹಿಂದಿನವು ವರ್ಷಕ್ಕೊಂದು ಬೆಳಸ್ತಾವ. ಇದು ವಿದೇಶದ್ದು, ಇನ್ನೂ ಜಲ್ದಿ ಬೆಳಸ್ತತಿ."

ಈ ಶಕುನಗಳಲ್ಲಿ ನನಗೆ ಕಾಸಿನ ನಂಬಿಕೆ ಇಲ್ಲ. ನಾನೂ ತಲೆಗೆ ಸ್ನಾನ ಮಾಡಿದ್ದು ಸೆಕೆಗೆ.

25 ಏಪ್ರಿಲ್, ಶುಕ್ರವಾರ

ಲಕ್ಷ್ಮಿದೇವಿ ಟೀಚರಮ್ಮನ ಕಾಟನ್ ಬ್ಲೌಸಿಗೆ ಗಂಜಿ ಹೊಡೆದು ಇಸ್ತ್ರಿ ಮಾಡಿದೆ. ಬ್ಲೌಸು ನೆನೆದ ಹಪ್ಪಳದ ಹಾಗೆ ಬಿದ್ದುಕೊಂಡಿತು. ಇನ್ನೊಂದು ಸಲ ಹೊಡೆದೆ. ಅದೇ ಕಥೆ. ಕೈಯಲ್ಲಿದ್ದ ಬಾಟ್ಲಿ ನೋಡಿದೆ.

ಹಸಿರು.

ನೀಲಿ ಬಾಟ್ಲಿ ಒಳಗೆ, ಹಲ್ಲಿಯ ಪಕ್ಕದಲ್ಲಿತ್ತು. ಮದುವೆ ಬ್ಲೌಸುಗಳ ಗಡಿಬಿಡಿಯಲ್ಲಿ ಯಾವತ್ತು ಅದಲುಬದಲಾಯಿತೋ. ಗಾಜಿನ ಮೇಲೆ ಬೆರಳಾಡಿಸಿದೆ. ಅಂಟು ಅಂಟು. ಆ ಕಣ್ಣಿಗೆ ಕಾಣದ ಕೂದಲಿಗೆಲ್ಲ ನಾನೇ ಗಂಜಿ ಹಾಕಿದ್ದೇನೆ. ಇಸ್ತ್ರಿ ಒತ್ತುವುದೊಂದು ಬಾಕಿ ಇತ್ತು.

ಗಾಜು ಮೂರು ಸಲ ತೊಳೆದೆ. ಉಗುರುಬೆಚ್ಚಗಿನ ನೀರಲ್ಲಿ ಮೆತ್ತನೆಯ ಮಲ್ ಬಟ್ಟೆ ನೆನೆಸಿ, ಅದರ ಮೇಲೆ ಹಲ್ಲಿಯನ್ನು ನಡೆಸಿದೆ. ಅಂಗಡಿ ಬಾಗಿಲು ಹಾಕಿಕೊಂಡು, ನೆಲದ ಮೇಲೆ ಕೂತು, ಹಲ್ಲಿಯ ಪಾದಪೂಜೆ. ಬಟ್ಟೆ ಮುಗಿದ ಕಡೆ ಅದು ನಿಲ್ಲಲಿಲ್ಲ. ನನ್ನ ಬಲಗಾಲ ಪಾದದ ಮೇಲೆ ಹತ್ತಿ ಕೂತು ಕಣ್ಣು ನೆಕ್ಕಿಕೊಂಡಿತು. ಮೊಂಡು ಬಾಲದ ಜಾಗದಲ್ಲಿ ಒಂದು ಸಣ್ಣ ಗುಬುಟು, ಬಟ್ಟೆ ಗುಂಡಿಯಷ್ಟು.

ಪಾದ, ಪ್ರಯಾಣ. ಎಲ್ಲಿಗೆ, ಮಡಕಶಿರಕ್ಕೋ? ಥೂ.

ಬನಶಂಕರಿಗೆ ಹೇಳಿಲ್ಲ. ಯಾರಾದರೂ ಕೇಳಿದರೆ ಪೆದ್ದಪ್ಪನವರ ತಲೆ ಇದ್ದೇ ಇದೆ.

30 ಏಪ್ರಿಲ್, ಬುಧವಾರ

ನೀಲಿ ಬಾಟ್ಲಿಯ ಕತ್ತಿಗೆ ಯಾರೋ ಕೆಂಪು ದಾರ ಕಟ್ಟಿದ್ದಾರೆ. ನಾನಲ್ಲ.

ಡೈರಿಯನ್ನು ಹುಕ್ಕಿನ ಡಬ್ಬಿಯ ಹಿಂದಿನಿಂದ ತೆಗೆದು ಹಳೇ ಮಷಿನ್ನಿನ ಹೊಟ್ಟೆಯೊಳಗೆ ಇಟ್ಟಿದ್ದೇನೆ.

3 ಮೇ, ಶನಿವಾರ

ಶಿರಿಷಾ ಫೋನು ಮಾಡಿದಾಗ ಮಾತಿಗೆ ಮಾತು ಬಂತು ಅನ್ನುವ ಹಾಗೆ ಕೇಳಿದೆ. "ಸುಮ್ನ ಕೇಳ್ತೀನಮ್ಮ, ಲೋಕಜ್ಞಾನಕ್ಕ. ಈ ಹಲ್ಲಿಗೆ ಬಾಲ ಹೋದ್ರ ಎಷ್ಟು ದಿನಕ್ಕ ಬರ್ತತಿ?"

"ಮನೆ ಹಲ್ಲಿಗಾದ್ರೆ ಬತ್ತದೆ ಸಾರ್. ನಮ್ ರತ್ನಿ ಜಾತಿಗೆ ಬರಾಕಿಲ್ಲ. ಒಂದ್ಸಲ ಹೋದ್ರೆ ಹೋಯ್ತು." ಆಮೇಲೆ, "ಯಾಕೆ ಸಾರ್?"

"ಲೋಕಜ್ಞಾನಕ್ಕ ಅಂದ್ನಲ್ಲಮ್ಮ," ಎಂದು ಫೋನಿಟ್ಟೆ.

ತೋಳು ಸಣ್ಣದಾದರೆ ಬಟ್ಟೆ ಕೂಡಿಸುತ್ತೇನೆ. ಬಿಗಿಯಾದರೆ ಬಿಚ್ಚುತ್ತೇನೆ. ಇಲಿ ಕಡಿದ ಧಾರೆ ಸೀರೆಗೆ ರಫೂ ಮಾಡಿ, ಮದುಮಗಳಿಗೇ ಗೊತ್ತಾಗದ ಹಾಗೆ ಕೊಟ್ಟವನು ನಾನು. ಎಂಥ ದರಿದ್ರ ಜಾತಿ ಇದು! ನೂರು ವರ್ಷ ಸತ್ತ ಹಾಗೆ ಅಡಗಿ ಕೂತಿದ್ದು ವಾಪಸ್ಸು ಬರಲು ಗೊತ್ತು, ಒಂದು ಗೇಣು ಬಾಲ ಬೆಳೆಸಲು ಗೊತ್ತಿಲ್ಲ.

11 ಮೇ, ಭಾನುವಾರ

ದೇವಿಕಾ ವಿಡಿಯೋ ಕಾಲ್ ಮಾಡಿದಳು. ಮುಖ ಇಷ್ಟೇ ಇಷ್ಟಾಗಿದೆ. "ರತ್ನೀನ ತೋರ್ಸಣ್ಣ."

ತೋರಿಸಿದೆ. ಮುಖ ತೋರಿಸಿದೆ. ಎಡಗಣ್ಣು, ಬಲಗಣ್ಣು, ಕೋಟೆಯ ತೆನೆ. ಕುಪ್ಪಸ ಬಿಗಿಯಾಗಿ ಬೆನ್ನ ಕಡೆ ಹುಕ್ಕು ಕೂಡದ ಹುಡುಗಿಯ ಮದುವೆ ಫೋಟೋ ಹೇಗೆ ತೆಗೆಸುತ್ತಾರೋ ಹಾಗೆ, ಎದುರಿನಿಂದ ಮಾತ್ರ.

"ಮುಖ ದುಂಡಗಾಗೈತಲ್ಲ!" ಎಂದಳು. "ಸ್ವಲ್ಪ ಕೆಳಗ ಹಿಡಿ."

"ಹಲೋ? ಹಲೋ? ನೆಟ್‌ವರ್ಕ್ ಇಲ್ಲವ್ವಾ," ಎಂದು ಕಟ್ ಮಾಡಿದೆ. ಪಕ್ಕದಲ್ಲೇ ಬನಶಂಕರಿ ಅದೇ ನೆಟ್‌ವರ್ಕಿನಲ್ಲಿ ತನ್ನ ಅಕ್ಕನ ಜೊತೆ ಮಾತಾಡುತ್ತಿದ್ದಳು.

ಮುಖ ದುಂಡಗಾದದ್ದು ಸುಳ್ಳಲ್ಲ. ಈಗ ಮಾವಿನಹಣ್ಣು ಕೊಡುತ್ತಿದ್ದೇನೆ. ರತ್ನಿಗೆ ಬೇನಿಷಾ ಆಗುತ್ತದೆ, ನೀಲಂ ಕೊಟ್ಟರೆ ಮುಖ ತಿರುಗಿಸುತ್ತಾಳೆ.

27 ಮೇ, ಮಂಗಳವಾರ

ಬಂದರು. ಕಾರಿನಿಂದ ಮೊದಲು ಶಿರಿಷಾ ಇಳಿದಳು, ಆಮೇಲೆ ಕೈ ಹಿಡಿದು ದೇವಿಕಾಳನ್ನು ಇಳಿಸಿದಳು. ಈ ಬಿಸಿಲಲ್ಲಿ ದೇವಿಕಾ ಸೆರಗನ್ನು ಎರಡೂ ಭುಜಕ್ಕೆ ಹೊದ್ದುಕೊಂಡಿದ್ದಳು.

ನಾನು ಭಾಷಣ ತಯಾರಿಸಿಟ್ಟಿದ್ದೆ. ಪೆದ್ದಪ್ಪನವರ ಸ್ವಭಾವ, ಅವರ ತಲೆಯ ನುಣುಪು, ಪಂಚಾಂಗದ ದುಷ್ಪರಿಣಾಮ. ಎಲ್ಲವೂ ಕ್ರಮವಾಗಿ ಇತ್ತು. ಅವಳು ನೀರೂ ಕುಡಿಯದೆ ನೆಟ್ಟಗೆ ಒಳಗೆ ಹೋದಳು. ಜೀನ್ಸ್ ಅಂಗಿ ನೋಡಿ, "ಇದ್ಯಾರು ಹೊಲದಿದ್ದು?" ಎಂದಳು. ಜೇಬಿನೊಳಗೆ ಬೆರಳು ಹಾಕಿ ನೋಡಿದಳು. ಜಿಪ್ಪು ಎಳೆದಳು.

ನನಗೆ ಭಾಷಣದ ಮೊದಲ ಸಾಲು ಮರೆತುಹೋಯಿತು.

ರತ್ನಿ ಅವಳ ಕೈಗೆ ಬಂದು ಕೂತಳು. ದೇವಿಕಾ ಕೈ ತಿರುಗಿಸಿ ಹಿಂದಿನಿಂದ ನೋಡಿದಳು.

"ನಿಂದೂ ಹೋತೇನೇ?" ಎಂದಳು.

ಆಮೇಲೆ ನಕ್ಕಳು. ಒಂದು ಕೈಯಲ್ಲಿ ಹಲ್ಲಿ, ಇನ್ನೊಂದು ಕೈಯಿಂದ ಎಡಗಡೆ ಹೊಲಿಗೆ ಹಿಡಿದುಕೊಂಡು, ನೋಯುತ್ತದೆ ನೋಯುತ್ತದೆ ಎನ್ನುತ್ತಲೇ ನಕ್ಕಳು. ಶಿರಿಷಾ ಗೋಡೆಯ ಕಡೆ ತಿರುಗಿ ನಿಂತಳು. ಬನಶಂಕರಿ ಕೆಮ್ಮಿದಳು.

"ಅದು... ಪೆದ್ದಪ್ಪ... ತಲಿ..." ಎಂದೆ ನಾನು.

"ಇರ್ಲಿ ಬಿಡಣ್ಣ. ಕಾಡಿನಾಗ ಬೆಳದು ದೊಡ್ಡವಾದ ಇವು ಬಹಳಷ್ಟು ಬಾಲ ಇಲ್ದೇನ ಇರ್ತಾವ. ಹತ್ತತಾವ, ಹಾರತಾವ, ತಿಂತಾವ. ಮೊದಮೊದ್ಲು ತೂಕ ಒಂದ್ಕಡಿ ವಾಲತೈತಿ. ಆಮ್ಯಾಲೆ ರೂಢಿ ಆಗ್ತೈತಿ."

ಯಾರ ವಿಷಯ ಎಂದು ನಾನು ಕೇಳಲಿಲ್ಲ. ಮಾವಿನಹಣ್ಣು ಹೆಚ್ಚಲು ಹೋದೆ.

28 ಮೇ, ಬುಧವಾರ

ಮುಂದಿನ ವಾರದಿಂದ ಬೆಂಗಳೂರಿನಲ್ಲಿ ಕರೆಂಟು, ಅಂದರೆ ರೇಡಿಯೇಷನ್, ಕೊಡುತ್ತಾರಂತೆ, ದಿನಾ, ಹಲವು ವಾರ. ಆಮೇಲೆ ಮಾತ್ರೆ. ಡಾಕ್ಟರು ಧೈರ್ಯ ಹೇಳಿದ್ದಾರೆ. ಹಲ್ಲಿಯನ್ನು ಅಲ್ಲಿಗೆ ಒಯ್ಯಲು ಆಗುವುದಿಲ್ಲ. ಅಂದರೆ ದಸರಾದವರೆಗೆ ನನಗೆ ಜೈಲು ವಿಸ್ತರಣೆಯಾಗಿದೆ. "ಆಗ್ತೈತೇನಣ್ಣ ನಿನಗ?" ಎಂದು ಕೇಳಿದಳು. ಆಗದೆ ಏನು, ಬೇನಿಷಾ ಸೀಸನ್ ಇನ್ನೂ ಒಂದು ತಿಂಗಳಿದೆ ಎಂದೆ.

ಹೊರಡುವ ಮುಂಚೆ ಬ್ಲೌಸ್ ಪೀಸುಗಳ ಚೀಲ ಕೊಟ್ಟಳು. ಒಳಗೆ ತಡಕಾಡಿದೆ. ಅಳತೆ ಬ್ಲೌಸು ಇರಲಿಲ್ಲ.

"ಅದು ಇನ್ನ ಬರಂಗಿಲ್ಲಣ್ಣ. ಹೊಸ ಅಳತಿ ತಗೋ."

ನಮ್ಮ ಅಂಗಡಿಯ ಪದ್ಧತಿ ಹೀಗೆ. ಪರದೆಯ ಆಚೆ ಬನಶಂಕರಿ ಟೇಪು ಹಿಡಿದು ಅಳತೆ ಕೂಗುತ್ತಾಳೆ, ಈಚೆ ನಾನು ಬರೆದುಕೊಳ್ಳುತ್ತೇನೆ. ಇಪ್ಪತ್ತು ವರ್ಷದಲ್ಲಿ ದೇವಿಕಾ ಮೊದಲ ಸಲ ಆ ಪರದೆಯ ಆಚೆ ನಿಂತದ್ದು. ಬನಶಂಕರಿ ಉದ್ದ ಕೂಗಿದಳು, ಬರೆದೆ. ಭುಜ, ಬರೆದೆ. ತೋಳು, ಬರೆದೆ. ಆಮೇಲೆ ಸದ್ದಿಲ್ಲ.

"ಕೂಗೇ! ನನಗೇನು ಕಿವುಡು ಬಂದೈತೇನು?" ಎಂದು ಗದರಿದೆ.

ಬನಶಂಕರಿಯ ದನಿ ಬರಲಿಲ್ಲ. ದೇವಿಕಾಳದು ಬಂತು. "ಎಡಗಡಿ ಏನೂ ಇಲ್ಲಣ್ಣ. ಹಂಗ ಬರಕೋ."

ಹಾಗೆ ಹೇಗೆ ಬರೆದುಕೊಳ್ಳುವುದು? ಬರೆಯಲಿಲ್ಲ.

"ಹಂಗ ಹೊಲದುಕೊಡಾಕ ನಾನೇನು ಡೇರೆ ಹೊಡಿಯಾವನೇನು?" ಎಂದೆ. ದನಿ ಸ್ವಲ್ಪ ಜೋರಾಗಿಯೇ ಬಂತು. "ಲೈನಿಂಗಿನ ಒಳಗ ಒಂದು ಜೇಬು ಇಡ್ತೀನಿ. ಅದಕ್ಕೊಂದು ಮೆತ್ತನ ದಿಂಬು. ಹೊರಗ ನೋಡಿದವರಿಗೆ ರಾಮಾಂಜಿನೇಯ ಹೊಲದ ಬ್ಲೌಸು ಅಂತ ಗೊತ್ತಾಗಬೇಕು, ಅಷ್ಟ."

ಪರದೆಯ ಅಂಚಿನಿಂದ ದೇವಿಕಾ ಮುಖ ಮಾತ್ರ ಹೊರಗೆ ಹಾಕಿದಳು.

"ಜೇಬಾ?" ಎಂದಳು. "ಹಂಗಾದ್ರ ಬಸ್ ಟಿಕೇಟು ಅಲ್ಲೇ ಇಟ್ಕೋಬಹುದು ನೋಡು."

ಟೀಚರಮ್ಮಗಳಿಗೆ ಎಲ್ಲದರಲ್ಲೂ ತಮಾಷೆ.

31 ಮೇ, ಶನಿವಾರ

ನಾಲ್ಕು ಬ್ಲೌಸು ಆದವು. ನಾಲ್ಕನ್ನೂ ಬಿಚ್ಚಿ ಮತ್ತೆ ಹೊಲಿದೆ. ಆ ಕರೆಂಟಿಗೆ ಚರ್ಮ ಉರಿಯುತ್ತದಂತೆ, ಅದಕ್ಕೆ ಒಳಗೆಲ್ಲ ಮಲ್ ಬಟ್ಟೆ, ಎಡಗಡೆ ಎಲ್ಲೂ ಹೊಲಿಗೆಯ ಗಂಟು ತಾಗದ ಹಾಗೆ. ದಿಂಬಿಗೆ ಹತ್ತಿ ತುಂಬಿದರೆ ಹಗುರ, ಬ್ಲೌಸು ಬಲಕ್ಕೆ ವಾಲುತ್ತದೆ. ಗಾಯ ಪೂರ್ತಿ ಮಾಗುವ ತನಕ ಅದೇ ಇರಲಿ. ಆಮೇಲಿಗೆ ಅಂತ ನವಣೆ ತುಂಬಿದ್ದೊಂದು ಮಾಡಿದೆ. ತೂಕ ಸರಿಹೋಯಿತು.

"ಮಳಿಯಾಗ ನೆನದ್ರ ಮೊಳಕಿ ಬರ್ತಾವ್ರೀ," ಎಂದಳು ಬನಶಂಕರಿ.

"ಬರ್ಲಿ. ಆಕಿ ಜೀವಶಾಸ್ತ್ರದಾಕಿ. ಪಾಠಕ್ಕಾಗ್ತತಿ."

ಇವುಗಳನ್ನು ಕಂಡಕ್ಟರನ ಕೈಗೆ ಕೊಟ್ಟು ಕಳಿಸಲು ಆಗುವುದಿಲ್ಲ. ಯಾರಾದರೂ ಮೇಲೆ ಕೂತರೆ ನವಣೆ ಎಲ್ಲ ಒಂದು ಮೂಲೆಗೆ ಸೇರುತ್ತದೆ. ಮಂಗಳವಾರ ಅವರು ಬೆಂಗಳೂರಿಗೆ ಹೊರಡುತ್ತಾರೆ. ಆದ್ದರಿಂದ, ನವಣೆಯ ಕ್ಷೇಮಕ್ಕೋಸ್ಕರ ಮಾತ್ರ, ನಾಳೆ ಮೊದಲ ಬಸ್ಸಿಗೆ ನಾನು ಮಡಕಶಿರಕ್ಕೆ ಹೊರಡುತ್ತಿದ್ದೇನೆ. ಆ ಊರು ಹೇಗಿದೆಯೋ ಏನೋ. ಚೆನ್ನಾಗಿರಲಿಕ್ಕಿಲ್ಲ.

ಪೆದ್ದಪ್ಪನವರಿಗೆ ಇದನ್ನು ಯಾರೂ ಹೇಳಬಾರದು. ಪಾದ, ಪ್ರಯಾಣ ಅಂತ ಪಂಚಾಂಗ ಹಿಡಿದು ಬಸ್‌ಸ್ಟ್ಯಾಂಡಿಗೇ ಬರುತ್ತಾರೆ.

ಬನಶಂಕರೀ, ಹಳೇ ಮಷಿನ್ನಿನ ಹೊಟ್ಟೆಗೂ ನಿನ್ನ ಕೈ ತಲುಪಿದೆ ಎಂದು ನನಗೆ ಗೊತ್ತು. ಈ ಪುಟ ನಾಳೆ ನಾನು ಕಲ್ಯಾಣದುರ್ಗ ದಾಟುವುದರೊಳಗೆ ನೀನು ಓದಿರುತ್ತೀಯ. ಓದಿದ ಮೇಲೆ ಒಂದು ಉಪಕಾರ ಮಾಡು. ಸಂಜೆ ಬಿಸಿಲಿಳಿದ ಮೇಲೆ ರತ್ನಿಯ ಗಾಜಿಗೆ ನೀರು ಹೊಡೆ. ದಾರ ಕಟ್ಟದೇ ಇರುವ ಬಾಟ್ಲಿಯಿಂದ. ಜಿಪ್ಪನ್ನು ಪೂರ್ತಿ ಎಳೆಯಬೇಡ, ಕೊನೆಗೆ ಸಿಕ್ಕಿಕೊಳ್ಳುತ್ತದೆ. ಬಂದು ಸರಿ ಮಾಡುತ್ತೇನೆ.